ಬಿದ್ದಲ್ಲೇ ಉಳಿದ ಹಾಳೆ: ಕಾಸರಗೋಡಿನ ತೋಟದ ಜ್ವರದ ಹಿನ್ನೆಲೆ

ಎಣ್ಮಕಜೆ, ಬದಿಯಡ್ಕ, ಬೆಳ್ಳೂರಿನ ಕಡೆ ಮಳೆಗಾಲ ಬಂತೆಂದರೆ ಮೊದಲಿನಿಂದಲೂ ಅಡಿಕೆಗೆ ಕೊಳೆರೋಗದ ಚಿಂತೆ. ಈಗ ಮನುಷ್ಯರಿಗೆ ಡೆಂಗಿಯ ಭಯವೂ ಸೇರಿಕೊಂಡಿದೆ.

ಕೇರಳದಲ್ಲಿ ಡೆಂಗಿ ಮೊದಲು ಪತ್ತೆಯಾದದ್ದು 1997ರಲ್ಲಿ, ದೂರದ ಕೋಟ್ಟಯಂನಲ್ಲಿ. 2006–07ರಲ್ಲಿ ಚಿಕುನ್‌ಗುನ್ಯಾ ಬಂತು. ಜ್ವರ ಇಳಿದರೂ ಗಂಟುನೋವು ತಿಂಗಳುಗಟ್ಟಲೆ ಬಿಡದ ಕಾಯಿಲೆ ಅದು. 2007ರಲ್ಲಿ ಕೇರಳದಲ್ಲಿ ಸಿಕ್ಕ ಆ ವೈರಸ್ಸು ಸ್ವಲ್ಪ ಬದಲಾಗಿತ್ತು. ಈಡಿಸ್ ಆಲ್ಬೊಪಿಕ್ಟಸ್ ಎಂಬ ಸೊಳ್ಳೆಯ ಮೈಯಲ್ಲಿ ಅದು ಸುಲಭವಾಗಿ ಬೆಳೆಯತೊಡಗಿತು. ಇದು ತೋಟದ ಸೊಳ್ಳೆ. ಕಾಲಿಗೆ ಬಿಳಿ ಪಟ್ಟೆ, ಕಚ್ಚುವುದು ಹಗಲಲ್ಲಿ. ರಬ್ಬರ್ ಹಾಲಿನ ಚಿಪ್ಪು, ತೆಂಗಿನ ಗೆರಟೆ, ಅಡಿಕೆ ಹಾಳೆ, ಎಲ್ಲಿ ಒಂದಿಷ್ಟು ನೀರು ನಿಂತರೂ ಅದಕ್ಕೆ ಸಾಕು. ಡೆಂಗಿಯನ್ನೂ ಇದು ಹರಡುತ್ತದೆ.

ಹಾಳೆಯ ಕಥೆ ಸ್ವಲ್ಪ ಹೇಳಲೇಬೇಕು. ಅಡಿಕೆ ಸೋಗೆಯ ಬುಡದಲ್ಲಿರುವ ಅಗಲವಾದ ಪೊರೆಯೇ ಹಾಳೆ. ಒಂದು ಅಡಿಕೆ ಮರ ವರ್ಷಕ್ಕೆ ಆರೇಳು ಸೋಗೆ ಉದುರಿಸುತ್ತದೆ. 500 ಮರದ ತೋಟವಾದರೆ ಕಡಿಮೆಯೆಂದರೂ 3,000 ಹಾಳೆ, ಅಲ್ವಾ? ಹಿಂದೆಯೂ ಬೀಳುತ್ತಿದ್ದವು. ಆದರೆ ಬಿದ್ದಲ್ಲೇ ಉಳಿಯುತ್ತಿರಲಿಲ್ಲ. ಕೊಚ್ಚಿ ದನಕ್ಕೆ ಹಾಕುತ್ತಿದ್ದರು. ತಲೆಗೆ ಇಡುವ ಟೊಪ್ಪಿ, ಅಂದರೆ ಮುಟ್ಟಾಳೆ ಮಾಡುತ್ತಿದ್ದರು. ಹಸುಗೂಸನ್ನು ಹಾಳೆಯ ಮೇಲೆ ಮಲಗಿಸಿ ಮೀಯಿಸುತ್ತಿದ್ದರು. ಹಟ್ಟಿ ಖಾಲಿಯಾಯಿತು, ಆಳು ಸಿಗುವುದು ಕಷ್ಟವಾಯಿತು. ಹಾಳೆ ತೋಟದಲ್ಲೇ ನೀರು ತುಂಬಿಕೊಂಡು ಕೂತಿತು. ತೋಟದ ಜ್ವರಕ್ಕೆ ಇದೂ ಒಂದು ಕಾರಣ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಹಾಳೆ ತಟ್ಟೆ ಮಾಡುವವರು ಒಳ್ಳೆಯದನ್ನು ಹೆಕ್ಕಿಕೊಂಡು ಹೋಗುತ್ತಾರೆ. ಹರಿದದ್ದು, ಕೊಳೆತದ್ದು ಅಲ್ಲೇ.

ಜ್ವರ ಜಾಸ್ತಿಯಾದಾಗ ಜನ ಮೊದಲು ಕೇಳುವುದು ಫಾಗಿಂಗ್. ಹೊಗೆಗೆ ಸಾಯುವುದು ಹಾರುವ ಸೊಳ್ಳೆ ಮಾತ್ರ, ನೀರಿನಲ್ಲಿರುವ ಮರಿ ಅಲ್ಲ. ಮೊಟ್ಟೆ ಒಡೆದು ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ವಾರಕ್ಕೊಂದು ಡ್ರೈ ಡೇ, ಅಂದರೆ ನಿಂತ ನೀರನ್ನೆಲ್ಲ ಚೆಲ್ಲುವ ದಿನ, ಇಟ್ಟದ್ದು ಇದಕ್ಕೇ: ಶುಕ್ರವಾರ ಶಾಲೆ, ಶನಿವಾರ ಕಚೇರಿ, ಭಾನುವಾರ ಮನೆ. ಅಂಗಳ ಚೊಕ್ಕ ಮಾಡಿದವರು ತೋಟಕ್ಕೂ ಇಳಿಯಬೇಕು.

ಇನ್ನೊಂದು ನೋವಿನ ಮಾತು. ಜ್ವರದ ನೋಟಿಸು ಬರೀ ಮಲಯಾಳದಲ್ಲಿ ಅಂಟಿಸಿದ್ದನ್ನು ನಾನೇ ಕಂಡಿದ್ದೇನೆ. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಅದು ತಲುಪುವುದು ಹೇಗೆ? ಆಶಾ ಕಾರ್ಯಕರ್ತೆ ಮನೆಗೆ ಬಂದು ತುಳುವಿನಲ್ಲೋ ಕನ್ನಡದಲ್ಲೋ ಹೇಳಿದಾಗಲೇ ವಿಷಯ ಗೊತ್ತಾಗುತ್ತದೆ.

ನೀರು ಚೆಲ್ಲಿದರೂ ಹಾಳೆಗೆ ಅಂಟಿದ ಮೊಟ್ಟೆ ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕುತ್ತದೆ, ಮಳೆ ಬಿದ್ದ ಕೂಡಲೇ ಒಡೆಯುತ್ತದೆ. ಹಾಗಾಗಿ ಹಾಳೆ ಹೆಕ್ಕುವ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು. ಮಳೆ ನಡುವೆ ಬಿದ್ದದ್ದನ್ನು ಹೊರಲಾಗದಿದ್ದರೆ ಕವುಚಿ ಹಾಕಿದರೂ ನೀರು ನಿಲ್ಲುವುದಿಲ್ಲ.