104ಕ್ಕೆ 78 ಬಂದವರಿಗೆ

ಸೈಕೋಪತಿ, ಅಂದರೆ ಇತರರ ಬಗ್ಗೆ ಕನಿಕರವಾಗಲಿ ತಪ್ಪಿನ ಅಳುಕಾಗಲಿ ಇಲ್ಲದ ಸ್ವಭಾವ, ಅಳೆಯುವ ಪ್ರಶ್ನಾವಳಿಯನ್ನು ಮೊಬೈಲಿನಲ್ಲಿ ತುಂಬಿ, ಬಂದ ಒಟ್ಟು ಅಂಕ ತೋರಿಸಿ ‘ನಾನು ಸೈಕೋಪಾತಾ?’ ಎಂದು ಗಾಬರಿಯಿಂದ ಕೇಳುವವರು ಹೆಚ್ಚುತ್ತಿದ್ದಾರೆ. ಅವರ ಗಾಬರಿ ನಿಜ. ಅಂಕದ ಅರ್ಥ ಮಾತ್ರ ಅದಲ್ಲ.

ಜನಸಾಮಾನ್ಯರಲ್ಲಿ ಈ ಗುಣಗಳನ್ನು ಅಳೆಯಲು 1995ರಲ್ಲಿ ಬಂದ ಲೆವೆನ್ಸನ್ ಮಾಪಕವನ್ನೇ ನೋಡಿ. 26 ಹೇಳಿಕೆ, ಪ್ರತಿಯೊಂದಕ್ಕೂ 1ರಿಂದ 4 ಅಂಕ; ಒಟ್ಟು ಹೆಚ್ಚೆಂದರೆ 104. 16 ಹೇಳಿಕೆಗಳು ಕಲ್ಲೆದೆ, ಸ್ವಾರ್ಥ, ಜನರನ್ನು ಬಳಸಿಕೊಳ್ಳುವ ಚಾಳಿಯ ಬಗ್ಗೆ; ಉಳಿದ 10 ದುಡುಕು, ಬೇಗ ಕೆರಳುವುದು, ಹಿಂದುಮುಂದು ಯೋಚಿಸದಿರುವುದರ ಬಗ್ಗೆ. ಇಬ್ಬರಿಗೆ 60 ಬಂತೆನ್ನಿ: ಒಬ್ಬರದು ಮೊದಲ ಭಾಗದಲ್ಲಿ 44, ಎರಡನೆಯ ಭಾಗದಲ್ಲಿ 16; ಇನ್ನೊಬ್ಬರದು 26 ಮತ್ತು 34. ಈ ಎರಡನೆಯವರ ತೊಂದರೆ ಬಹುಶಃ ಸಿಟ್ಟು, ಚಡಪಡಿಕೆ. ಆತಂಕ ಹೆಚ್ಚಿರುವವರಲ್ಲೂ ಈ ಎರಡನೆಯ ಭಾಗದ ಅಂಕ ಏರಿರುತ್ತದೆ. ಹಾಗಾಗಿ ಎರಡು ಭಾಗಗಳನ್ನು ಬೇರೆಬೇರೆಯಾಗಿ ಕೂಡಬೇಕು. ಕೆಲವು ಹೇಳಿಕೆಗಳು ಉಲ್ಟಾ ಇರುತ್ತವೆ, ಅಂದರೆ ಒಪ್ಪಿದಷ್ಟೂ ಈ ಗುಣ ಕಡಿಮೆ ಎಂದರ್ಥ. ಅವುಗಳ ಉತ್ತರವನ್ನು 5ರಿಂದ ಕಳೆಯಬೇಕು. ಮರೆತರೆ ಒಂದೊಂದರಲ್ಲೂ 3 ಅಂಕದವರೆಗೆ ವ್ಯತ್ಯಾಸ.

ಇನ್ನು ‘ಇಷ್ಟು ದಾಟಿದರೆ ಸೈಕೋಪಾತ್’ ಎಂಬ ಗೆರೆ. ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಅವರ, ತಜ್ಞರು ಸೈಕೋಪತಿ ಅಳೆಯಲು ಬಳಸುವ ಪರಿಶೀಲನಾ ಪಟ್ಟಿಯಲ್ಲಿ 40ಕ್ಕೆ 30 ಎಂಬ ಗೆರೆ ಇದೆ ಎಂದು ಓದಿ, ಅದೇ ಮುಕ್ಕಾಲಿನ ಲೆಕ್ಕದಲ್ಲಿ 104ಕ್ಕೆ 78 ಎಂದು ತಾವೇ ಗೆರೆ ಎಳೆದುಕೊಳ್ಳುತ್ತಾರೆ. ದಯವಿಟ್ಟು ಬೇಡ. ಆ ಪಟ್ಟಿಯ 20 ಅಂಶಗಳಿಗೆ ಅಂಕ ಹಾಕುವವರು ತರಬೇತಾದ ತಜ್ಞರು. ದೀರ್ಘ ಸಂದರ್ಶನ ಮಾಡಿ, ದಾಖಲೆಗಳನ್ನು ತಾಳೆ ನೋಡಿ ಹಾಕುತ್ತಾರೆ. ಆ 30 ಕೂಡ ಒಂದು ಒಪ್ಪಂದದ ಗೆರೆ; ಬ್ರಿಟನ್ನಿನಲ್ಲಿ 25 ಬಳಸುವುದುಂಟು. ಈ ಗುಣಗಳು ಎತ್ತರ, ರಕ್ತದೊತ್ತಡದ ಹಾಗೆ, ಎಲ್ಲರಲ್ಲೂ ಹೆಚ್ಚುಕಮ್ಮಿ ಇರುವಂಥವು.

ಗೆರೆ ಇದೆ ಎಂದೇ ಇಟ್ಟುಕೊಂಡು ಲೆಕ್ಕ ಮಾಡೋಣ. 1000 ಜನರಲ್ಲಿ 10 ಮಂದಿಗೆ ನಿಜಕ್ಕೂ ತೀವ್ರ ಲಕ್ಷಣಗಳಿವೆ ಎನ್ನಿ. ಪ್ರಶ್ನಾವಳಿ ಆ 10ರಲ್ಲಿ 9 ಮಂದಿಯನ್ನು ಹಿಡಿಯುತ್ತದೆ, ಉಳಿದವರಲ್ಲಿ ಹತ್ತಕ್ಕೆ ಒಬ್ಬರನ್ನು ತಪ್ಪಾಗಿ ಹಿಡಿಯುತ್ತದೆ ಎನ್ನಿ. ಉಳಿದ 990 ಮಂದಿಯಲ್ಲಿ ತಪ್ಪಾಗಿ ಸಿಕ್ಕವರು 99. ಒಟ್ಟು 108 ಮಂದಿ ಗೆರೆ ದಾಟಿದರು, ನಿಜವಾದವರು 9: ಹನ್ನೆರಡಕ್ಕೆ ಒಬ್ಬರು. ಇಷ್ಟು ಒಳ್ಳೆಯ ಪ್ರಶ್ನಾವಳಿಯಲ್ಲೂ ಗೆರೆ ದಾಟಿದ ಪ್ರತಿ ಹನ್ನೆರಡರಲ್ಲಿ ಹನ್ನೊಂದು ಮಂದಿ ಸುಮ್ಮನೆ ನಿದ್ದೆಗೆಡುತ್ತಾರೆ. ಅಂಕವನ್ನು ಓದಲೇಬೇಕಿದ್ದರೆ ಅದೇ ವಯಸ್ಸಿನ, ಅದೇ ಲಿಂಗದ ಗುಂಪಿನ ಸರಾಸರಿಯ ಪಕ್ಕದಲ್ಲಿಟ್ಟು ಓದಿ. ಗಂಡಸರ ಸರಾಸರಿ ಸಾಮಾನ್ಯವಾಗಿ ಹೆಂಗಸರದಕ್ಕಿಂತ ಹೆಚ್ಚು.

ಗಂಡನ ಪರವಾಗಿ ಹೆಂಡತಿ, ಮೇಲಧಿಕಾರಿಯ ಪರವಾಗಿ ನೌಕರರು ತುಂಬಿ ತರುವುದೂ ಇದೆ. ‘ನಾನು’ ಎಂದು ಶುರುವಾಗುವ ಹೇಳಿಕೆಗೆ ಬೇರೆಯವರು ಉತ್ತರಿಸಿದರೆ ಆ ಅಂಕ ಲೆಕ್ಕಕ್ಕಿಲ್ಲ. ಆದರೆ ತುಂಬಿದವರ ಕಷ್ಟ ಸುಳ್ಳಲ್ಲ. ಹೆದರಿಸುವುದು, ಹೊಡೆಯುವುದು, ಹಣ ಕಸಿಯುವುದು ನಡೆಯುತ್ತಿದ್ದರೆ ಯಾವತ್ತು ಏನಾಯಿತೆಂದು ಬರೆದಿಟ್ಟು ಅದನ್ನು ತನ್ನಿ. ಸಹಾಯ ಕೇಳಲು ಅಷ್ಟು ಸಾಕು, ಎದುರಿನವರ ಅಂಕ ಬೇಕಿಲ್ಲ.