ಮುಚ್ಚಳ ಎಲ್ಲಿ?

"ಸಾರ್, ಇನ್ಸರ್ಟ್ ಕಿತ್ಕೊಂಡು ಬರ್ತಿದೆ. ಇನ್ನೂ ಉದ್ದದ್ದು ಇದ್ಯಾ?"

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ನನ್ನ ಅಂಗಡಿಗೆ ಬರುವವರು ಕೇಳುವ ಪ್ರಶ್ನೆ ಇದು. ಪ್ಲಾಸ್ಟಿಕ್ಕಿಗೆ ಕಾಯಿಸಿ ಕೂರಿಸುವ ಹಿತ್ತಾಳೆ ಇನ್ಸರ್ಟ್ ಬಗ್ಗೆ ಹೇಳುತ್ತಿದ್ದೇನೆ, ಸ್ಕ್ರೂ ಹಿಡಿಯಲು ಒಳಗೆ ಥ್ರೆಡ್ (ಸುರುಳಿ ಗೆರೆ) ಇರುವ ಸಣ್ಣ ಕೊಳವೆ ಅದು. ಉತ್ತರ ಕೊಡುವ ಮೊದಲು ನಾನೂ ಒಂದು ಪ್ರಶ್ನೆ ಕೇಳುತ್ತೇನೆ: ಮುಚ್ಚಳ ಎಲ್ಲಿ?

ತಂದಿರುವುದಿಲ್ಲ. ಇನ್ಸರ್ಟ್ ಇರೋದು ಡಬ್ಬದಲ್ಲಿ, ಮುಚ್ಚಳ ಯಾಕೆ ತರಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ.

ಹೋದ ತಿಂಗಳು ತೂಬಿನಕೆರೆಯಿಂದ ಒಬ್ಬ ಹುಡುಗ ಬಂದಿದ್ದ. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬ ಮಾಡುತ್ತಾರೆ. ಎಬಿಎಸ್ ಎಂಬ ಪ್ಲಾಸ್ಟಿಕ್ಕಿನ ಡಬ್ಬ, ಕಬ್ಬಿಣದ ತಗಡಿನ ಮುಚ್ಚಳ, ನಾಲ್ಕು ಮೂಲೆಗೆ ಎಂ4, ಅಂದರೆ 4 ಮಿಲಿಮೀಟರ್ ದಪ್ಪದ ಸ್ಕ್ರೂ. ಮೊದಲು ಗಿಡ್ಡ ಇನ್ಸರ್ಟ್ ಹಾಕಿದ್ದರು. ಆಮೇಲೆ ಉದ್ದದ್ದು. ಆಮೇಲೆ ಜಾಸ್ತಿ ಬೆಲೆಯದ್ದು. ಮೂರೂ ಕಿತ್ತು ಬಂದವು. ಡಬ್ಬವನ್ನು ಕೈಗೆ ತೆಗೆದುಕೊಂಡು ನೋಡಿದೆ. ಇನ್ಸರ್ಟ್ ಅರ್ಧ ಮಿಲಿಮೀಟರ್ ಮೇಲೆದ್ದಿತ್ತು, ಉಗುರಿಗೆ ತಗಲುತ್ತಿತ್ತು. ಸುತ್ತಲಿನ ಪ್ಲಾಸ್ಟಿಕ್ ಬಿಳಿಚಿಕೊಂಡಿತ್ತು.

ಮಾರನೇ ದಿನ ಮುಚ್ಚಳ ತಂದ. ಇನ್ಸರ್ಟಿನ ಹೊರ ವ್ಯಾಸ 6 ಮಿಲಿಮೀಟರ್. ಮುಚ್ಚಳದ ತೂತು 7. ನಾಲ್ಕು ತೂತು ಒಟ್ಟಿಗೆ ಕೂರುತ್ತಿರಲಿಲ್ಲವಂತೆ, ಡ್ರಿಲ್ ಹಾಕಿ ದೊಡ್ಡದು ಮಾಡಿದ್ದರು.

ಇಲ್ಲೇ ಸ್ವಲ್ಪ ನಿಲ್ಲೋಣ. ಎಷ್ಟು ಸಲ ಹೇಳಿದರೂ ಈ ಒಂದು ವಿಷಯ ಜನರ ಮನಸ್ಸಿಗೆ ಇಳಿಯುವುದಿಲ್ಲ. ಸ್ಕ್ರೂ ಬಿಗಿ ಮಾಡಿದಾಗ ಅದರ ತಲೆ ಮುಚ್ಚಳವನ್ನು ಕೆಳಕ್ಕೆ ಒತ್ತುತ್ತದೆ, ಥ್ರೆಡ್ ಇನ್ಸರ್ಟನ್ನು ಮೇಲಕ್ಕೆ ಎಳೆಯುತ್ತದೆ. ಮುಚ್ಚಳದ ಅಡಿ ಇನ್ಸರ್ಟಿನ ಮುಖಕ್ಕೆ ತಾಗಿ ಕೂತಿದ್ದರೆ ಎಳೆತವೆಲ್ಲ ಲೋಹ ಲೋಹದ ನಡುವೆಯೇ ಮುಗಿಯುತ್ತದೆ, ಪ್ಲಾಸ್ಟಿಕ್ಕಿಗೆ ಕೆಲಸವೇ ಇಲ್ಲ. ತೂತು ಇನ್ಸರ್ಟಿಗಿಂತ ದೊಡ್ಡದಾದರೆ ಮುಚ್ಚಳ ಕೂರೋದು ಪ್ಲಾಸ್ಟಿಕ್ ಮೇಲೆ. ಇನ್ಸರ್ಟಿಗೆ ಮೇಲೆ ತಡೆಯುವವರು ಯಾರೂ ಇಲ್ಲ. ಸ್ಕ್ರೂ ತಿರುಗಿಸಿದಷ್ಟೂ ಅದು ಮೇಲೇಳುತ್ತದೆ. ಲಾರಿಗೆ ಜಾಕ್ ಕೊಟ್ಟ ಹಾಗೆ. ನಮ್ಮ ಕೆಲಸದಲ್ಲಿ ಇದಕ್ಕೆ ಜಾಕ್ ಔಟ್ ಎಂದೇ ಹೆಸರು. ಉದ್ದದ ಇನ್ಸರ್ಟ್ ಹಾಕಿದರೆ ಕಿತ್ತು ಬರೋದು ಸ್ವಲ್ಪ ತಡವಾಗಬಹುದು, ಅಷ್ಟೇ.

"ತಲೆ ಕೆಳಗೆ ವಾಷರ್ ಹಾಕಿದ್ದೀವಲ್ಲ ಸಾರ್" ಎಂದ. ವಾಷರ್ ಕೂತಿರೋದು ಮುಚ್ಚಳದ ಮೇಲಪ್ಪ. ತೊಂದರೆ ಇರೋದು ಮುಚ್ಚಳದ ಅಡಿಯಲ್ಲಿ.

ಎಂ4 ಸ್ಕ್ರೂಗೆ ಸಾಮಾನ್ಯವಾಗಿ 4.5 ಮಿಲಿಮೀಟರ್ ತೂತು ಸಾಕು. ತೂತು ಸರಿಯಾದ ಜಾಗಕ್ಕೆ ಬೀಳುವಂತೆ ಹಿಡಿಯುವ ಜಿಗ್ ಸರಿ ಮಾಡಿಸಿ, ತೂತು ದೊಡ್ಡದು ಮಾಡಬೇಡಿ. ಮಾಡಲೇಬೇಕಾದರೆ ಅಗಲ ತಲೆಯ ಇನ್ಸರ್ಟ್ ತಗೊಳ್ಳಿ, ಮುಚ್ಚಳಕ್ಕೆ ಕೂರಲು ಜಾಗ ಸಿಗುತ್ತದೆ. ಡಬ್ಬದ ಹಿಂದಿನಿಂದ ಕೂರಿಸಲು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು. ಆಗ ಸ್ಕ್ರೂ ಎಳೆದಷ್ಟೂ ಇನ್ಸರ್ಟಿನ ತಲೆ ಪ್ಲಾಸ್ಟಿಕ್ಕಿಗೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಮುಚ್ಚಳವೂ ಪ್ಲಾಸ್ಟಿಕ್ ಆದರೆ ಅದರ ತೂತಿಗೆ ಲೋಹದ ಕೊಳವೆ ಹಾಕಿ, ಕೊಳವೆ ಇನ್ಸರ್ಟ್ ಮೇಲೆ ಕೂರಲಿ. ಇಲ್ಲದಿದ್ದರೆ ಪ್ಲಾಸ್ಟಿಕ್ ದಿನ ಕಳೆದಂತೆ ತಗ್ಗಿ ಸ್ಕ್ರೂ ಸಡಿಲವಾಗುತ್ತದೆ.

ಕೂರಿಸುವಾಗ ಇನ್ಸರ್ಟ್ ಪ್ಲಾಸ್ಟಿಕ್ಕಿಗೆ ಸಮ ಇರಬೇಕು, ಇಲ್ಲವೇ ಕೂದಲೆಳೆಯಷ್ಟು ಮೇಲಿರಬೇಕು. ಒಳಗೆ ಹೂತರೆ ಅದೇ ಕಥೆ. ಅಲ್ಯೂಮಿನಿಯಂಗೆ ಹಾಕುವ ಸ್ಪ್ರಿಂಗಿನಂಥ ತಂತಿ ಇನ್ಸರ್ಟಿನ ಲೆಕ್ಕ ಬೇರೆ, ಅದನ್ನು ಕಾಲು ಪಿಚ್ಚಿನಿಂದ ಅರ್ಧ ಪಿಚ್ಚಿನಷ್ಟು (ಪಿಚ್ ಅಂದರೆ ಥ್ರೆಡ್ಡಿನ ಎರಡು ಸುತ್ತಿನ ನಡುವಿನ ಅಂತರ) ಒಳಗೇ ಇಳಿಸುತ್ತಾರೆ. ಯಾದವಗಿರಿಯಲ್ಲಿ ತಯಾರಾದ ಜಾವಾ ಬೈಕುಗಳನ್ನು ಇಂದಿಗೂ ಮಕ್ಕಳ ಹಾಗೆ ನೋಡಿಕೊಳ್ಳುವವರು ಮೈಸೂರಿನಲ್ಲಿದ್ದಾರೆ. ಸ್ಪಾರ್ಕ್ ಪ್ಲಗ್ಗಿನ ಥ್ರೆಡ್ ಹೋದ ಎಂಜಿನ್ ಹೆಡ್ ಹಿಡಿದು ಬಂದಾಗ ಅವರ ಮುಖ ನೋಡಬೇಕು, ಆಸ್ಪತ್ರೆಗೆ ಬಂದವರ ಹಾಗಿರುತ್ತದೆ. ಆ ಕೆಲಸ ನನಗೆ ಬಹಳ ಇಷ್ಟ. ಆದರೆ ಅಲ್ಲಿ ಕಲಿತದ್ದನ್ನು ಪ್ಲಾಸ್ಟಿಕ್ಕಿಗೆ ಹಾಗೇ ತರಬೇಡಿ.

ಬಿಗಿ ಎಷ್ಟು ಮಾಡಬೇಕು ಎಂದು ಫೋನಿನಲ್ಲಿ ಕೇಳಿದರೆ ನಾನು ಹೇಳುವುದಿಲ್ಲ. ಗಾಜಿನ ನಾರು ಬೆರೆಸಿದ ನೈಲಾನ್, ಬರೀ ಎಬಿಎಸ್, ಎರಡರ ಹಿಡಿತವೂ ಒಂದೇ ಅಲ್ಲ. ಬೇಕಲೈಟ್ ಅಂತೂ ಕಾಯಿಸಿದರೆ ಕರಗುವುದೇ ಇಲ್ಲ, ಅದಕ್ಕೆ ಈ ಇನ್ಸರ್ಟ್ ಆಗದು. ತಯಾರಕರು ಕೊಟ್ಟ ಅಳತೆ ಪಟ್ಟಿ ನೋಡಿ, ನಿಮ್ಮದೇ ನಾಲ್ಕೈದು ತುಂಡಿನಲ್ಲಿ ಎಳೆದು, ತಿರುಗಿಸಿ ಪರೀಕ್ಷೆ ಮಾಡಿ.

ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಯಂತ್ರ ಬೇಡ. ಬಿಗಿ ಮಾಡಿ, ಬಿಚ್ಚಿ, ತಿರುವಿ ನೋಡಿ. ತೂತಿನ ಸುತ್ತ ಹಿತ್ತಾಳೆಯ ಸಣ್ಣ ಉಂಗುರದ ಗುರುತು ಬಿದ್ದಿರಬೇಕು.

ಹುಡುಗ ಮತ್ತೆ ಬಂದ, ಈ ಸಲ ಕೇಳುವ ಮೊದಲೇ ಮುಚ್ಚಳ ಕೈಯಲ್ಲಿತ್ತು. ಮೂರು ಮೂಲೆಯಲ್ಲಿ ಪೂರ್ತಿ ಉಂಗುರ. ನಾಲ್ಕನೆಯದರಲ್ಲಿ ಅರ್ಧ ಮಾತ್ರ. ಆ ಇನ್ಸರ್ಟ್ ಒಂದು ಕಡೆ ವಾಲಿದೆ ಎಂದೆ. ಅವನು ಮುಚ್ಚಳವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಕೂರಿಸುವ ಮೆಷಿನ್ ನೋಡಲು ಗುರುವಾರ ಇಬ್ಬರೂ ತೂಬಿನಕೆರೆಗೆ ಹೋಗುತ್ತಿದ್ದೇವೆ.