ಸೊನ್ನೆ ಬರೆದ ಊರಿಗೆ ಯಾರು ಹೋಗಿದ್ದರು?

ಸೈನ್ಯದ ಲೆಕ್ಕಾಚಾರ ಮಾಡುವವರು ಒಂದು ಕಡೆ ಸೇರಿದರೆ ಬರೀ ಬಾಂಬು, ಕ್ಷಿಪಣಿ ಅಂತಲೇ ಮಾತಾಡುತ್ತಾರೆ ಅಂತ ಶಿವಮೊಗ್ಗದಲ್ಲಿ ನನ್ನ ಹತ್ತಿರ ಬರುವ ಇಂಜಿನಿಯರಿಂಗ್ ಹುಡುಗರು ಅಂದುಕೊಂಡಿರುತ್ತಾರೆ. ಅದೂ ಇರುತ್ತೆ. ಆದರೆ ಜಾಸ್ತಿ ಹೊತ್ತು ಹೋಗುವುದು ಬೇರೆ ಪ್ರಶ್ನೆಗಳಿಗೆ. ಈ ಅಂಕಿ ಯಾರು ಬರೆದದ್ದು? ಎಲ್ಲಿಗೆ ಹೋಗಿ ನೋಡಿ ಬರೆದದ್ದು? ಅವರು ಹೋಗದೇ ಇದ್ದ ಜಾಗದಲ್ಲಿ ಏನಾಗಿತ್ತು?

ನಾನು ಕೆಲಸದ ವಯಸ್ಸೆಲ್ಲ ಈ ವಿದ್ಯೆಯಲ್ಲೇ ಕಳೆದವನು. ಇರೋ ಜನ, ಇರೋ ಸಾಧನವನ್ನೇ ಹೇಗೆ ಬಳಸಿದರೆ ಒಳ್ಳೆಯದು ಅಂತ ಲೆಕ್ಕ ಹಾಕಿ ಹೇಳುವ ವಿದ್ಯೆ ಇದು, ಹೆಸರು ಆಪರೇಷನ್ಸ್ ರಿಸರ್ಚ್, ಚಿಕ್ಕದಾಗಿ ಓ.ಆರ್. ಹಾಗಂದ್ರೆ ವಿಟಿಯು ಹುಡುಗರಿಗೆ ಸಿಂಪ್ಲೆಕ್ಸ್ ಟೇಬಲ್, ಟ್ರಾನ್ಸ್‌ಪೋರ್ಟೇಶನ್ ಪ್ರಾಬ್ಲಮ್, ಪರೀಕ್ಷೆಗೆ ಮುಂಚೆ ಒಂದು ವಾರದ ಓದು. ಅದು ಹುಟ್ಟಿದ್ದು ಯುದ್ಧದಲ್ಲಿ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅನ್ನೋ ಭೌತವಿಜ್ಞಾನಿ, ಜೊತೆಗೆ ಕೆಲವು ಗಣಿತದವರು, ಜೀವಶಾಸ್ತ್ರದವರು ಸೇನಾ ಕಚೇರಿಗಳಲ್ಲೇ ಕೂತು ಲೆಕ್ಕ ಹಾಕಿದರು. ಆಗ ವಿಮಾನದಿಂದ ಜಲಾಂತರ್ಗಾಮಿಯ ಮೇಲೆ ಹಾಕುವ ಬಾಂಬು 100 ಅಡಿ ಆಳದಲ್ಲಿ ಸಿಡಿಯುವಂತೆ ಇಟ್ಟಿದ್ದರು. ಇ.ಜೆ. ವಿಲಿಯಮ್ಸ್ ಅದನ್ನು 25 ಅಡಿಗೆ ತನ್ನಿ ಅಂದರು. ವಿಮಾನ ನೋಡಿ ಆಗಲೇ ಆಳಕ್ಕೆ ಹೋದ ಜಲಾಂತರ್ಗಾಮಿ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ, ಅದರ ಮೇಲೆ ಹಾಕಿದ ಬಾಂಬು ದಂಡ. ಕೈಗೆ ಸಿಗೋದು ಇನ್ನೂ ಮೇಲೆ ಇರೋದು, ಈಗಷ್ಟೇ ಮುಳುಗುತ್ತಿರೋದು. ಹೊಸ ಬಾಂಬು ಬೇಕಾಗಲಿಲ್ಲ. ಆಳ ಬದಲಾಯಿಸಿದ್ದಕ್ಕೇ ಮುಳುಗಿಸಿದ ಲೆಕ್ಕ ಏರಿತು.

ಇದೇ ಬ್ಲ್ಯಾಕೆಟ್ ಸ್ವಾತಂತ್ರ್ಯ ಬಂದ ಹೊಸದರಲ್ಲಿ ನೆಹರೂ ಸರ್ಕಾರಕ್ಕೆ ರಕ್ಷಣಾ ವಿಜ್ಞಾನದ ಬಗ್ಗೆ ಸಲಹೆ ಕೊಟ್ಟವರು. 1948ರಲ್ಲಿ ಡಿ.ಎಸ್. ಕೊಠಾರಿ ರಕ್ಷಣಾ ಸಚಿವಾಲಯದ ವಿಜ್ಞಾನ ಸಲಹೆಗಾರರಾದರು. 1957ರಲ್ಲಿ ನಮ್ಮ ದೇಶದ ಆಪರೇಷನಲ್ ರಿಸರ್ಚ್ ಸೊಸೈಟಿ ಶುರುವಾಯಿತು, ಅದರ ಜರ್ನಲ್ ಆಪ್‌ಸರ್ಚ್ ಈಗಲೂ ಬರುತ್ತಿದೆ. ರಕ್ಷಣಾ ಸಂಶೋಧನೆಯ ಸರ್ಕಾರಿ ಸಂಸ್ಥೆ ಡಿಆರ್‌ಡಿಒದಲ್ಲಿ ಇದಕ್ಕೆಂದೇ ದೆಹಲಿಯ ಇಸ್ಸಾ ಲ್ಯಾಬ್ ಇದೆ.

ಹೊರಗೆ ಈ ಕೆಲಸದವರ ದೊಡ್ಡ ಕೂಟ ಅಮೆರಿಕದ ಮಿಲಿಟರಿ ಆಪರೇಷನ್ಸ್ ರಿಸರ್ಚ್ ಸೊಸೈಟಿ, ಎಲ್ಲರ ಬಾಯಲ್ಲಿ ಮೋರ್ಸ್. ಸಂಘವಾಗಿದ್ದು 1966ರಲ್ಲಿ, ಆದರೆ ಸಮ್ಮೇಳನ 1957ರಿಂದಲೇ ನಡೆಯುತ್ತಿದೆ. ಬ್ರಿಟನ್ನಿನಲ್ಲಿ 1984ರಿಂದ ಇಸ್ಮೋರ್ ಅನ್ನೋ ಅಂತರರಾಷ್ಟ್ರೀಯ ಸಮ್ಮೇಳನ ಇದೆ. ಮೋರ್ಸ್‌ನ ಗುಪ್ತ ಅಧಿವೇಶನಗಳಿಗೆ ಅನುಮತಿ ಇದ್ದವರಿಗೆ ಮಾತ್ರ ಪ್ರವೇಶ, ನಮ್ಮಂಥವರಿಗೆ ಸಿಗೋದು ಅವರ ಜರ್ನಲ್ಲು, ಫೇಲ್ಯಾಂಕ್ಸ್ ಪತ್ರಿಕೆ. ಅವರ ಪದ್ಧತಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಕಾರ್ಯಗುಂಪುಗಳು. ಸಾಗಾಟದವರು ಒಂದು ಗುಂಪು, ಯುದ್ಧವನ್ನು ಆಟದ ಹಾಗೆ ಆಡಿ ನೋಡುವವರು ಒಂದು ಗುಂಪು, ಹೀಗೆ. ಒಬ್ಬರು ತಮ್ಮ ಲೆಕ್ಕ ಮುಂದಿಡುತ್ತಾರೆ, ಅದೇ ಕೆಲಸ ಮಾಡಿ ಗೊತ್ತಿರುವವರು ಎದುರಿಗೆ ಕೂತು ಅದನ್ನು ಬಿಚ್ಚಿ ನೋಡುತ್ತಾರೆ. ಹಾಗೆ ಗುಂಪುಗಳಲ್ಲಿ ಮಂಡಿಸಿದ್ದರಲ್ಲಿ ಒಳ್ಳೆಯ ಪ್ರಬಂಧಕ್ಕೆ ಬಾರ್ಕಿ ಪ್ರಶಸ್ತಿ ಕೊಡುತ್ತಾರೆ. ನಮ್ಮ ಕಡೆಯ ಸಮ್ಮೇಳನಗಳಲ್ಲಿ ಉದ್ಘಾಟನೆಗೆ ಹೋಗುವ ಹೊತ್ತಿನಲ್ಲಿ ಅರ್ಧವನ್ನಾದರೂ ಇಂಥ ಪ್ರಶ್ನೆಗಳಿಗೆ ಬಿಟ್ಟುಕೊಡಬೇಕು ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಲೇ ಇರುತ್ತೇನೆ.

ಅದೇ ಯುದ್ಧದ ಹೊತ್ತಿನಲ್ಲಿ ಅಮೆರಿಕದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಕಥೆ ನಿಮಗೆ ವಾಟ್ಸಾಪಿನಲ್ಲಿ ಬಂದಿರಬಹುದು. ವಾಪಸ್ ಬಂದ ಬಾಂಬರ್ ವಿಮಾನಗಳ ಮೈಮೇಲೆ ಗುಂಡಿನ ತೂತು ಎಲ್ಲಿವೆ ಅಂತ ನೋಡಿ ಅಲ್ಲೇ ಕವಚ ಹಾಕಬೇಕು ಅಂತ ಯಾರಿಗಾದರೂ ಅನಿಸುತ್ತೆ. ಆದರೆ ಇಂಜಿನ್ನಿಗೆ ಪೆಟ್ಟು ಬಿದ್ದ ವಿಮಾನಗಳು ವಾಪಸ್ಸೇ ಬಂದಿಲ್ಲ, ಅವುಗಳ ತೂತು ಎಣಿಸೋಕೆ ಯಾರಿಗೂ ಸಿಕ್ಕಿಲ್ಲ. ಚುಕ್ಕಿ ಚುಕ್ಕಿ ಇರುವ ಆ ವಿಮಾನದ ಚಿತ್ರ ಆಮೇಲಿನವರು ಬರೆದದ್ದು. ವಾಲ್ಡ್ 1943ರಲ್ಲಿ ಬರೆದ ಟಿಪ್ಪಣಿಗಳು ಪೂರ್ತಿ ಗಣಿತ: ಬಾರದ ವಿಮಾನಗಳಿಗೆ ಎಲ್ಲಿ ಪೆಟ್ಟು ಬಿದ್ದಿರಬಹುದು ಅನ್ನೋದನ್ನು ಬಂದ ವಿಮಾನಗಳಿಂದಲೇ ಅಂದಾಜು ಮಾಡುವ ದಾರಿ. ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ವಾಲ್ಡ್ ಭಾರತಕ್ಕೆ ಉಪನ್ಯಾಸಕ್ಕೆ ಬಂದಿದ್ದಾಗ, 1950ರ ಡಿಸೆಂಬರಿನಲ್ಲಿ, ಹೆಂಡತಿಯ ಜೊತೆ ಹೋಗುತ್ತಿದ್ದ ವಿಮಾನ ನೀಲಗಿರಿ ಬೆಟ್ಟಕ್ಕೆ ಬಡಿದು ತೀರಿಕೊಂಡರು. ನಮ್ಮ ಇದೇ ಪಶ್ಚಿಮ ಘಟ್ಟದ ಸಾಲು.

ಈಗ ಹುಡುಕಾಟಕ್ಕೆ ಬರುತ್ತೇನೆ, ಮಲೆನಾಡಿಗೆ ನೇರ ತಾಗೋದು ಇದೇ. ಬರ್ನಾರ್ಡ್ ಕೂಪ್‌ಮನ್ ಅನ್ನೋ ಗಣಿತಜ್ಞ ಅಮೆರಿಕದ ನೌಕಾಪಡೆಗೆ ಸಮುದ್ರದಲ್ಲಿ ಜಲಾಂತರ್ಗಾಮಿ ಹುಡುಕೋದು ಹೇಗೆ ಅಂತ ಲೆಕ್ಕ ಮಾಡಿಕೊಟ್ಟರು. 1946ರಲ್ಲಿ ಗುಪ್ತ ವರದಿಯಾಗಿದ್ದ ಆ ವಿಷಯ 1956-57ರಲ್ಲಿ ಜರ್ನಲ್ಲಿಗೆ ಬಂತು. ತಿರುಳು ಇಷ್ಟು. ಹುಡುಕುವವರು ನಡೆದ ಒಟ್ಟು ದೂರವನ್ನು ಅವರ ಕಣ್ಣಿಗೆ ಬೀಳುವ ಅಗಲದಿಂದ ಗುಣಿಸಿ. ಬಂದದ್ದು ಹುಡುಕಬೇಕಾದ ಜಾಗದ ವಿಸ್ತೀರ್ಣಕ್ಕೆ ಸರಿಯಾಗಿ ಸಮ ಆದರೂ, ಮನಸ್ಸಿಗೆ ಬಂದ ಕಡೆ ನಡೆದಿದ್ದರೆ, ಅಲ್ಲಿರುವುದು ಸಿಗುವ ಸಾಧ್ಯತೆ ನೂರಕ್ಕೆ 63 ಮಾತ್ರ. ಒಬ್ಬರು ನೋಡಿದ ಜಾಗವನ್ನೇ ಇನ್ನೊಬ್ಬರು ನೋಡಿರುತ್ತಾರೆ, ನಡುವೆ ಎಷ್ಟೋ ಜಾಗ ಹಾಗೇ ಉಳಿದಿರುತ್ತೆ. ದುಪ್ಪಟ್ಟು ನಡೆದರೆ 86.

ಏರ್ ಫ್ರಾನ್ಸ್ 447 ನೆನಪಿದೆಯಾ? 2009ರ ಜೂನ್ 1ರಂದು 228 ಜನರ ಜೊತೆ ಅಟ್ಲಾಂಟಿಕ್‌ಗೆ ಬಿದ್ದ ವಿಮಾನ. ಮೊದಲ ತಿಂಗಳು ಅದರ ಬ್ಲ್ಯಾಕ್ ಬಾಕ್ಸಿನ ಸದ್ದಿಗಾಗಿ ಹಡಗುಗಳು ಕಿವಿಗೊಟ್ಟು ಓಡಾಡಿದವು, ಏನೂ ಕೇಳಲಿಲ್ಲ. ಹಾಗಾದರೆ ಅಲ್ಲಿಲ್ಲ ಅಂತ ಬೇರೆ ಕಡೆ ಹುಡುಕಿದರು, ಸಿಗಲಿಲ್ಲ. ಆಮೇಲೆ ಲಾರೆನ್ಸ್ ಸ್ಟೋನ್ ಅವರಿದ್ದ ಮೆಟ್ರಾನ್ ಕಂಪನಿಗೆ ಲೆಕ್ಕ ಮಾಡೋಕೆ ಕೊಟ್ಟರು. 1968ರಲ್ಲಿ ಮುಳುಗಿದ ಅಮೆರಿಕದ ಸ್ಕಾರ್ಪಿಯನ್ ಜಲಾಂತರ್ಗಾಮಿಯ ಹುಡುಕಾಟದಲ್ಲೂ ಇದೇ ಸ್ಟೋನ್ ಲೆಕ್ಕ ಮಾಡಿದ್ದರು. ಸದ್ದು ಮಾಡುವ ಸಾಧನವೇ ಕೆಟ್ಟಿದ್ದರೆ ಅಂತ ಅವರು ಕೇಳಿದರು. ಕೆಟ್ಟಿದ್ದರೆ ಮೊದಲ ತಿಂಗಳ ಮೌನಕ್ಕೆ ಬೆಲೆ ಇಲ್ಲ, ಆ ಜಾಗವನ್ನು ಹುಡುಕಿದ ಹಾಗೇ ಆಗಲಿಲ್ಲ. ನಕ್ಷೆಯಲ್ಲಿ ಸಾಧ್ಯತೆಯೆಲ್ಲ ವಾಪಸ್ ಆ ಜಾಗಕ್ಕೇ ಬಂತು. 2011ರ ಮಾರ್ಚ್ ಕೊನೆಯಲ್ಲಿ ಹೊಸ ಹುಡುಕಾಟ ಶುರುವಾಗಿ ಸುಮಾರು ಒಂದು ವಾರಕ್ಕೆ, ಏಪ್ರಿಲ್ ಮೊದಲಲ್ಲಿ, ಸುಮಾರು 3,900 ಮೀಟರ್ ಆಳದಲ್ಲಿ ವಿಮಾನ ಸಿಕ್ಕಿತು. ಮೊದಲು ಕಿವಿಗೊಟ್ಟು ಓಡಾಡಿದ್ದ ಜಾಗದಲ್ಲೇ.

ಮಳೆಗಾಲದಲ್ಲಿ ನಮ್ಮ ಕಡೆ ಕಾಡಿನಲ್ಲಿ ಯಾರಾದರೂ ಕಾಣೆಯಾದಾಗ ಊರವರು, ಫಾರೆಸ್ಟಿನವರು, ಪೊಲೀಸರು ಜೀವ ತೇಯ್ದು ಹುಡುಕುತ್ತಾರೆ. ಸಂಜೆಗೆ ಬಂದು ಹೇಳುವುದು ಒಂದೇ ಮಾತು, "ಆ ಕಡೆ ಪೂರಾ ನೋಡಾಯ್ತು." ಹೊಸನಗರ ಕಡೆಯ ಒಬ್ಬ ಫಾರೆಸ್ಟ್ ವಾಚರ್ ಹತ್ತಿರ ಇದರ ಬಗ್ಗೆ ಮಾತಾಡುತ್ತಿದ್ದೆ. "ನೋಡಾಯ್ತು ಅಂದ್ರೆ ಎಷ್ಟು ದೂರದವರೆಗೆ ಕಾಣುತ್ತೆ ಮಾರಾಯ್ರೇ?" ಅಂತ ಕೇಳಿದೆ. "ಆಷಾಢದಲ್ಲಿ ಎರಡು ಮಾರು ಆಚೆ ಮಲಗಿರೋ ಎಮ್ಮೆ ಕಾಣಲ್ಲ ಸಾರ್. ತಲೆ ಬಗ್ಗಿಸಿ ಉಂಬಳ ಕೀಳೋದೋ, ಸುತ್ತ ನೋಡೋದೋ?" ಅಂದರು. ಕೂಪ್‌ಮನ್ ಲೆಕ್ಕಕ್ಕೆ ಬೇಕಾದದ್ದು ಸರಿಯಾಗಿ ಇದೇ ಅಂಕಿ, ಮತ್ತು ಅದು ಅವರ ಹತ್ತಿರ ಮಾತ್ರ ಇದೆ.

ಒಂದು ಚದರ ಕಿಲೋಮೀಟರ್ ಕಾಡು, ಹತ್ತು ಜನ, ಒಬ್ಬೊಬ್ಬರು ಐದು ಕಿಲೋಮೀಟರ್ ನಡೆದರು ಅಂತ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಎರಡೂ ಬದಿ ಸೇರಿ 20 ಮೀಟರ್ ಕಂಡರೆ ಸಿಗುವ ಸಾಧ್ಯತೆ ನೂರಕ್ಕೆ 63. ಮಳೆಯಲ್ಲಿ 6 ಮೀಟರ್ ಮಾತ್ರ ಕಂಡರೆ 26. ಜನ ಅಷ್ಟೇ, ಸುಸ್ತು ಜಾಸ್ತಿಯೇ, ಆದರೂ ಅರ್ಧಕ್ಕಿಂತ ಕಡಿಮೆ. ಈಗ ಕಾಣೆಯಾದವರು ಹಳ್ಳದ ಕಡೆ ಇಳಿದಿರೋ ಸಾಧ್ಯತೆ 60, ಮೇಲಿನ ಕಾನಿನ, ಅಂದ್ರೆ ದಟ್ಟ ಕಾಡಿನ, ಕಡೆ ಹೋಗಿರೋ ಸಾಧ್ಯತೆ 40 ಅಂತಿರಲಿ. ಹಳ್ಳದ ಕಡೆ ಒಂದು ದಿನ ಹುಡುಕಿದರು, ಸಿಗಲಿಲ್ಲ. ಬೇಸಿಗೆಯ ಹುಡುಕಾಟವಾದರೆ 60ರಲ್ಲಿ ನೂರಕ್ಕೆ 63ರಷ್ಟು ಕಳೆದು ಉಳಿಯೋದು ಸುಮಾರು 22, ಆಚೆ 40. ನೂರಕ್ಕೆ ತಂದರೆ ಹಳ್ಳಕ್ಕೆ 36, ಕಾನಿಗೆ 64. ನಾಳೆ ಕಾನಿಗೆ ಹೋಗಿ. ಮಳೆಯ ಹುಡುಕಾಟವಾದರೆ 60ರಲ್ಲಿ 44 ಇನ್ನೂ ಉಳಿದಿದೆ, ಹಳ್ಳಕ್ಕೆ 53, ಕಾನಿಗೆ 47. ಒಂದು ದಿನ ಹುಡುಕಿ ಬರಿಗೈಲಿ ಬಂದ ಮೇಲೂ ಹಳ್ಳದ ಕಡೆಯೇ ಇರೋ ಸಾಧ್ಯತೆ ಜಾಸ್ತಿ! ಇದನ್ನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಮಾಡಬಹುದು. ಆದರೆ "ನೋಡಾಯ್ತು" ಅಂತ ಮಾತ್ರ ಬರೆದಿಟ್ಟರೆ ಮಾಡೋಕೆ ಬರುವುದಿಲ್ಲ.

ಮಂಗನ ಕಾಯಿಲೆಗೂ ಇದೇ ಪ್ರಶ್ನೆ ಇದೆ, ನನಗೆ ಹೆಚ್ಚು ಚಿಂತೆ ಇರೋದು ಅದರದ್ದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ. ಉಣುಗಿನಿಂದ ಬರುತ್ತೆ. ಮಂಗ, ಮುಸಿಯ ಸತ್ತು ಬಿದ್ದರೆ ಅದು ಮುನ್ಸೂಚನೆ. ಡಿಸೆಂಬರಿನಿಂದ ಮೇವರೆಗೆ ಜನ ದರಗಿಗೆ, ಸೊಪ್ಪಿಗೆ, ಕಟ್ಟಿಗೆಗೆ ಕಾಡಿಗೆ ಹೋಗುವ ಕಾಲಕ್ಕೇ ಅದೂ ಏರುತ್ತೆ. ಹಚ್ಚಿಕೊಳ್ಳೋಕೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯ ಔಷಧಿ ಕಂಡುಹಿಡಿದದ್ದು ಡಿಆರ್‌ಡಿಒದ ಗ್ವಾಲಿಯರ್ ಲ್ಯಾಬು. ಸೈನಿಕರಿಗೆ ಮಾಡಿದ್ದು ನಮ್ಮ ಜನರ ಕಾಲಿಗೆ ಬಂದಿದೆ. ಹಾಗೇ ಸೈನ್ಯದ ಲೆಕ್ಕವೂ ಇಲ್ಲಿಗೆ ಬರಬೇಕು ಅನ್ನೋದು ನನ್ನ ಆಸೆ.

ಮಂಗ ಸತ್ತದ್ದು ಇಲಾಖೆಗೆ ಗೊತ್ತಾಗೋದು ಯಾರಾದರೂ ನೋಡಿ ಹೇಳಿದಾಗ. ರಸ್ತೆ ಬದಿ, ತೋಟದ ಅಂಚು, ಸೊಪ್ಪಿನ ಬೆಟ್ಟ, ಚುರುಕಾದ ಆಶಾ ಕಾರ್ಯಕರ್ತೆ ಇರುವ ಊರು, ಇಲ್ಲಿಂದ ಸುದ್ದಿ ಬರುತ್ತೆ. ಫೋನಿಗೆ ಸಿಗ್ನಲ್ ಇಲ್ಲದ, ಜನ ನಡೆಯದ ಕಾನಿನ ಒಳಗಿಂದ ಬರುವುದಿಲ್ಲ. ನಕ್ಷೆ ಮಾಡಿದರೆ ಅಲ್ಲಿ ಸೊನ್ನೆ. ಅದು ವಾಪಸ್ ಬರದ ವಿಮಾನ. ಪ್ರತಿ ವಾರ ಇಬ್ಬರು ಸುತ್ತಿ ಬಂದು ಏನೂ ಸಿಗಲಿಲ್ಲ ಅಂದ ಊರಿನ ಸೊನ್ನೆಗೂ, ಯಾರೂ ಕಾಲಿಡದ ಕಾನಿನ ಸೊನ್ನೆಗೂ ನಕ್ಷೆಯಲ್ಲಿ ಒಂದೇ ಬಣ್ಣ ಹಚ್ಚಿದರೆ, ಎಣ್ಣೆ ಎಲ್ಲಿಗೆ ಮೊದಲು ಹಂಚಬೇಕು, ಜ್ವರದವರ ರಕ್ತ ಪರೀಕ್ಷೆ ಎಲ್ಲಿ ಜಾಸ್ತಿ ಮಾಡಬೇಕು ಅನ್ನೋ ತೀರ್ಮಾನ ತಪ್ಪುತ್ತೆ. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಕಡೆಯ ಮನೆಗಳು ಈ ಕಾಯಿಲೆಯಿಂದ ಪಟ್ಟ ಪಾಡು ನೋಡಿದವರಿಗೆ ಒಂದೊಂದು ವಾರದ ಬೆಲೆ ಗೊತ್ತಿದೆ.

ಕೇಳುತ್ತಿರುವುದು ಸಣ್ಣ ಕೆಲಸ. ಸತ್ತ ಮಂಗದ ಲೆಕ್ಕದ ಪಕ್ಕದಲ್ಲೇ ಸುತ್ತಿದ ಲೆಕ್ಕವನ್ನೂ ಬರೆಯಬೇಕು. ಯಾವ ದಿನ, ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತು, ಅಕ್ಕಪಕ್ಕ ಅಂದಾಜು ಎಷ್ಟು ಮಾರು ಕಾಣುತ್ತಿತ್ತು. ಏನೂ ಸಿಗದ ದಿನವೂ ಬರೆಯಬೇಕು, ಆ ದಿನವೇ ಮುಖ್ಯ. ವಾಚರುಗಳು, ಆಶಾ ಕಾರ್ಯಕರ್ತೆಯರು ಆಗಲೇ ಹೊರೆ ಹೊತ್ತಿದ್ದಾರೆ, ಹಾಗಾಗಿ ಹೊಸ ಫಾರಂ ಬೇಡ, ಇರುವ ಪುಸ್ತಕದಲ್ಲಿ ಒಂದು ಸಾಲು ಸಾಕು. ಅದನ್ನು ಕೂಡಿಸಿ ವಾರಕ್ಕೊಮ್ಮೆ ನಕ್ಷೆ ಮಾಡೋದು ಇಲ್ಲಿನ ಕಾಲೇಜಿನ ಹುಡುಗರ ಕೈಲಿ ಖಂಡಿತ ಆಗುತ್ತೆ, ಓ.ಆರ್. ಪ್ರಾಜೆಕ್ಟಿಗೆ ಸುಮ್ನೆ ಪುಸ್ತಕದ ಕಾರ್ಖಾನೆ ಲೆಕ್ಕ ಎತ್ತಿಕೊಳ್ಳುವ ಬದಲು. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಯಾವ ತಾಲ್ಲೂಕಿನ ಯಾವುದಾದರೂ ಒಂದು ಗ್ರಾಮ ಪಂಚಾಯ್ತಿ ಒಪ್ಪಿದರೂ ಸಾಕು, ಡಿಸೆಂಬರಿಗೆ ಮುಂಚೆ ಶುರು ಮಾಡಬಹುದು. ಮೊದಲ ನಕ್ಷೆಯನ್ನು ಹುಡುಗರು ವಾಚರುಗಳ ಮುಂದೆಯೇ ಇಟ್ಟು ತೋರಿಸಬೇಕು, ಎಲ್ಲಿ ಸುಳ್ಳು ಬಣ್ಣ ಬಿದ್ದಿದೆ ಅಂತ ಅವರೇ ಹೇಳಲಿ.